ಹೆಸರು ಹಿಡಿದು ಹೇಳುವ ಕೃತಜ್ಞತೆ

ದೈವಶಾಸ್ತ್ರದ ಪದವಿ ಪಡೆಯುತ್ತಿರುವ ತಮ್ಮಂದಿರೇ, ತಂಗಿಯರೇ,

ಹೊಗಳಿಕೆ ನಿಮಗೆ ಮುಂದೆ ಬೇಕಾದಷ್ಟು ಸಿಗುತ್ತದೆ; ನನ್ನ ಚಿಂತೆ ಇರುವುದೇ ಅಲ್ಲಿ.

ನಾನು ಸೇವೆಗೆ ಸೇರಿದ ಕಾಲದಲ್ಲಿ ಹೊಸ ಅಯ್ಯನವರು ಊರಿಗೆ ಬಂದರೆ ಸಭೆಯ ಹಿರಿಯರೊಬ್ಬರು ಬಸ್‌ ನಿಲ್ದಾಣಕ್ಕೆ ಬಂದು ಟ್ರಂಕು ಎತ್ತಿಕೊಳ್ಳುತ್ತಿದ್ದರು. ಅಷ್ಟೇ ಸ್ವಾಗತ. ಈಗ ದೇವಾಲಯದ ಗೇಟಿಗೆ ಫ್ಲೆಕ್ಸ್ ಕಟ್ಟುತ್ತಾರೆ. ಶಿಲುಬೆ ಬೆರಳುದ್ದ, ಪಾದ್ರಿಯ ಮುಖ ಆಳೆತ್ತರ. ಬೆಳೆಹಬ್ಬದ ಫ್ಲೆಕ್ಸಿನಲ್ಲೂ ಅದೇ ಮುಖ! ಬೆಳೆದವರೆಲ್ಲಿ, ಕಳೆ ಕಿತ್ತ ಹೆಣ್ಣುಮಕ್ಕಳೆಲ್ಲಿ? ಪ್ರಸಂಗದ ತುಣುಕು ಮಧ್ಯಾಹ್ನದೊಳಗೆ ವಾಟ್ಸ್ಆ್ಯಪ್ ಸೇರುತ್ತದೆ. ಎಷ್ಟು ಜನ ನೋಡಿದರೆಂದು ಪ್ರಸಂಗಿ ಊಟದ ನಡುವೆಯೂ ಫೋನು ತೆಗೆದು ಎಣಿಸುತ್ತಾನೆ. ಇದು ಸುವಾರ್ತೆಯ ಪ್ರಚಾರ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಗರ್ವ ಕಳೆಯಲೆಂದು ತಮ್ಮನ್ನೇ ಹಳಿದುಕೊಳ್ಳುವವರೂ ಇದ್ದಾರೆ. ತಾನು ಅಯೋಗ್ಯ ಸೇವಕನೆಂದು ದಿನವಿಡೀ ಹೇಳುವವನ ಮಾತು ಕೊನೆಗೂ ತನ್ನ ಸುತ್ತಲೇ ತಿರುಗುತ್ತದೆ. ಬರೀ ಸ್ತೋತ್ರ ಹೇಳಿದರೂ ಸಾಲದು. ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ಫರಿಸಾಯನೂ ದೇವರಿಗೆ ಸ್ತೋತ್ರ ಹೇಳಿದವನೇ. ತಾನು ದೂರದಲ್ಲಿ ನಿಂತಿದ್ದ ಸುಂಕದವನಂತಿಲ್ಲ ಎಂಬುದಕ್ಕೆ ಸ್ತೋತ್ರ! ಉಪವಾಸ ಅವನದು, ದಶಮಾಂಶ ಅವನದು. ಯಾರಿಂದಲೂ ಏನನ್ನೂ ಪಡೆದ ನೆನಪು ಅವನಿಗಿಲ್ಲ.

ಗದಗ-ಬೆಟಗೇರಿಯಲ್ಲಿ ನನ್ನನ್ನು ತಿದ್ದಿದ ಹಿರಿಯ ಸಭಾಪಾಲಕರು ಸೋಮವಾರ ಸಂಜೆ ಕೊಡೆ ಹಿಡಿದು ಹೊರಡುತ್ತಿದ್ದರು. ರೋಗಿಗಳನ್ನು ಕಾಣಲು ಬೇರೆ ದಿನ. ಸೋಮವಾರ ದೇವಾಲಯ ಗುಡಿಸುವ ಅಜ್ಜಿಯ ಮನೆಗೆ, ಹಾರ್ಮೋನಿಯಂ ನುಡಿಸುವ ನೇಕಾರನ ಮನೆಗೆ, ಪ್ರಸಂಗಕ್ಕೆ ಒದಗಿದ ಮಾತೊಂದನ್ನು ಹೊಲದ ಬದುವಿನಲ್ಲಿ ಆಡಿದ್ದ ರೈತನ ಮನೆಗೆ. ಇಂಥದು ನಿಮ್ಮಿಂದ ನನಗೆ ಸಿಕ್ಕಿತು ಎಂದು ಬಿಡಿಸಿ ಹೇಳಿ, ಚಹಾ ಕುಡಿದು ಏಳುವರು. ದೇವರಿಗೆ ಹೇಳಿದರೆ ಸಾಲದೇ ಎಂದು ನಾನೊಮ್ಮೆ ಕೇಳಿದೆ. “ದೇವರಿಗೆ ಹೇಳೂದು ಸುಲಭ ಐತಿ ತಮ್ಮಾ. ಮನಿಶ್ಯಾನ ಮುಂದ ಕುಂತು, ನಿನ್ನ ಕೈಯಾಗಿಂದ ತಗೊಂಡೀನಿ ಅಂತ ಹೇಳು ನೋಡೂಣು” ಅಂದರು. ಒಂದು ಸೋಮವಾರ ಆ ಅಜ್ಜಿ, “ನಿನ್ನಿ ಪ್ರಸಂಗ ಭಾಳ ಉದ್ದ ಆತ್ರೀ ಅಯ್ಯನವರ” ಎಂದಳು. ಅವರು ಅದಕ್ಕೂ ಕೃತಜ್ಞತೆ ಹೇಳಿದರು. ಮುಂದಿನ ಭಾನುವಾರ ಪ್ರಸಂಗ ಬೇಗ ಮುಗಿಯಿತು. ಪಡೆದವನೆಂದು ಒಪ್ಪಿಕೊಂಡವನನ್ನು ತಿದ್ದಲು ಜನ ಹೆದರುವುದಿಲ್ಲ. ಫ್ಲೆಕ್ಸಿನ ಮೇಲಿರುವವನಿಗೆ ಯಾವ ಅಜ್ಜಿ ಹೀಗೆ ಹೇಳಿಯಾಳು?

ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯವನ್ನು ನೀವು ಹೆಸರುಗಳ ಪಟ್ಟಿಯೆಂದು ದಾಟಿ ಹೋಗುತ್ತೀರಿ. ನಿಧಾನವಾಗಿ ಓದಿ. ಅಷ್ಟು ದೊಡ್ಡ ತತ್ತ್ವ ಬರೆದ ಪೌಲ, ತನ್ನ ಪ್ರಾಣಕ್ಕಾಗಿ ಕತ್ತು ಒಡ್ಡಿದ ಪ್ರಿಸ್ಕ-ಅಕ್ವಿಲರಿಗೆ ತಾನು ಕೃತಜ್ಞನೆನ್ನುತ್ತಾನೆ. ರೂಫನ ತಾಯಿ ತನಗೂ ತಾಯಿ ಎನ್ನುತ್ತಾನೆ. ಪಟ್ಟಿಯಲ್ಲಿ ಮೊದಲ ಹೆಸರು ಫೊಯಿಬೆ, ಒಬ್ಬ ಹೆಂಗಸು. ತಂಗಿಯರೇ, ನೀವು ಪ್ರಸಂಗಪೀಠ ಹತ್ತುವುದನ್ನು ಸಹಿಸದ ಸಭೆಗಳು ಇನ್ನೂ ಇವೆ. ನಿಮ್ಮ ಬಾಯಿ ಮುಚ್ಚಿಸಲು ಯಾರಾದರೂ ದೀನತೆಯ ಪಾಠ ತೆಗೆದರೆ ಕೇಳಬೇಡಿ.

ಮಂಗಳೂರಿನಲ್ಲಿ ನಿಂತು ಮಿಷನರಿ ಕಿಟೆಲರನ್ನು ನೆನೆಯದೆ ಇರಲಾರೆ. 1853ರಲ್ಲಿ ಈ ದೇಶಕ್ಕೆ ಬಂದವರು. ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಬಾಸೆಲ್ ಮಿಷನ್ 1894ರಲ್ಲಿ ಇಲ್ಲೇ ಪ್ರಕಟಿಸಿತು. ಆ ದುಡಿಮೆಗೆ ಕೈಮುಗಿಯುತ್ತೇನೆ. ಆದರೆ ಅವರಿಗೆ ಪದ ಹೇಳಿಕೊಟ್ಟ ಊರಿನವರು, ಅಚ್ಚುಮೊಳೆ ಜೋಡಿಸಿದವರು ಯಾರು ಯಾರು? ನಿಮ್ಮಲ್ಲಿ ಸಂಶೋಧನೆಗೆ ಹೋಗುವವರಿದ್ದರೆ ಆ ಹೆಸರುಗಳನ್ನು ಹುಡುಕಿ ತೆಗೆಯಿರಿ.

ಉಳಿದವರಿಗೆ ಚಿಕ್ಕ ಕೆಲಸಗಳು. ನಿಮ್ಮನ್ನು ಕಳಿಸಿದ ಊರಿನಲ್ಲಿ ಫ್ಲೆಕ್ಸ್ ಕಟ್ಟಿದ್ದರೆ ಮೊದಲ ಆರಾಧನೆಗೆ ಮುಂಚೆ ಬಿಚ್ಚಿಸಿ. ಹಿಂದಿನ ಸಭಾಪಾಲಕರನ್ನು ಟೀಕಿಸುವವರಿಗೆ ಕಿವಿ ಕೊಡಬೇಡಿ. ಆ ಸಭಾಪಾಲಕರಿಗೇ ಫೋನು ಮಾಡಿ. ನಿಮ್ಮ ಫೀಸಿಗೆ ಬಳೆ ಅಡವಿಟ್ಟ ಚಿಕ್ಕಮ್ಮ ಇದ್ದರೆ ಬಳೆ ಬಿಡಿಸಿ ಕೊಟ್ಟ ಮೇಲೆ ಬೈಕು ಕೊಳ್ಳಿ. ಮೆಸ್ಸಿನಲ್ಲಿ ಇಷ್ಟು ವರ್ಷ ಗಂಜಿ ಬಡಿಸಿದವರು ಈಗ ಹಿಂದಿನ ಅಡುಗೆಮನೆಯಲ್ಲಿದ್ದಾರೆ. ಹೆಸರು ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಂಡು, ಫೋಟೋಕ್ಕೆ ನಿಲ್ಲುವ ಮೊದಲು ಅಲ್ಲಿಗೆ ಹೋಗಿ ಬನ್ನಿ.