ಕಲ್ಲಿನಡಿಯ ಹೆಸರಿಲ್ಲದ ಜೀವಿಗಳು



ಕೊಟ್ಟಿಗೆಹಾರವನ್ನು ನಾವೆಲ್ಲ ನೀರ್ದೋಸೆಯಿಂದ ಬಲ್ಲೆವು. ಪ್ರಾಣಿವಿಜ್ಞಾನಿಗಳು ಅದನ್ನು ಒಂದು ಕಪ್ಪೆಯಿಂದ ಬಲ್ಲರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಸಿ.ಆರ್. ನಾರಾಯಣರಾಯರು 1937ರಲ್ಲಿ ಆ ಊರಿನ ಹೆಸರನ್ನೇ ಇಟ್ಟು ವರ್ಣಿಸಿದ ಆ ಕಪ್ಪೆಯನ್ನು ಇಂದು ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಎನ್ನುತ್ತಾರೆ. ಹರಿಯುವ ಹಳ್ಳದ ಬಂಡೆಯ ಮೇಲೆ ಕುಳಿತು ಹಿಂಗಾಲು ಚಾಚಿ ಸಂಜ್ಞೆ ಮಾಡುವ ಕುಣಿಯುವ ಕಪ್ಪೆಗಳ ಗುಂಪಿಗೆ ಅದು ಸೇರಿದೆ. ರಾಯರ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಹೀಗಾಗಿ ಅವರು ಕಂಡದ್ದು ನಿಖರವಾಗಿ ಯಾವ ಕಪ್ಪೆಯನ್ನು ಎಂದು ತಿಳಿಯಲು ನಂತರದವರು ಬಹಳ ಶ್ರಮಪಡಬೇಕಾಯಿತು. 2014ರಲ್ಲಿ ಇದೇ ಗುಂಪಿನ ಹದಿನಾಲ್ಕು ಹೊಸ ಪ್ರಭೇದಗಳು ಪಶ್ಚಿಮಘಟ್ಟದಿಂದ ಒಮ್ಮೆಲೇ ಪ್ರಕಟವಾದವು.

ಕಪ್ಪೆಯ ಸ್ಥಿತಿಯೇ ಹೀಗಿರುವಾಗ ಅದೇ ಹಳ್ಳದ ಕೀಟಗಳ ಪಾಡೇನು? ಸೇನಾವೈದ್ಯನಾಗಿದ್ದ ಫ್ರೇಸರ್ ಎಂಬಾತ ಕೊಡಗಿನ ತೊರೆಗಳಲ್ಲಿ ಏರೋಪ್ಲೇನ್ ಚಿಟ್ಟೆಗಳನ್ನು ಸಂಗ್ರಹಿಸಿ, 1933ರಿಂದ 1936ರೊಳಗೆ ಮೂರು ಸಂಪುಟಗಳನ್ನು ಹೊರತಂದ. ಅಷ್ಟಾದ ಮೇಲೂ ಹೊಸವು ಸಿಗುತ್ತಲೇ ಇವೆ. 2023ರಲ್ಲಿ ಕೇರಳದಿಂದ ವರ್ಣಿತವಾದ, ಹಸಿರುನೀಲಿ ಕಣ್ಣಿನ, ಕಡುಮೈಯ ಸಣಕಲು ಕೀಟವೊಂದಕ್ಕೆ ಪ್ರೊಟೊಸ್ಟಿಕ್ಟ ಆರ್ಮಗೆಡೋನಿಯ ಎಂದು ಹೆಸರಿಟ್ಟರು. ಆರ್ಮಗೆಡಾನ್ ಎಂದರೆ ಪ್ರಳಯ. ಜಗತ್ತಿನಾದ್ಯಂತ ಕೀಟಗಳು ಕ್ಷೀಣಿಸುತ್ತಿರುವುದರತ್ತ ಗಮನ ಸೆಳೆಯಲೆಂದೇ ಹುಟ್ಟಿದ ಕೂಸಿಗೆ ಇಂತಹ ಹೆಸರು!

ಹೊಸದೆಂದರೆ ಯಾರೂ ಕಾಣದ್ದು ಎಂದಲ್ಲ. ಬಟ್ಟೆ ಒಗೆಯುವಾಗ ನಮ್ಮ ತಾಯಂದಿರು ಅದನ್ನು ಸಾವಿರ ಸಲ ಕಂಡಿರಬಹುದು. ಈ ಗುಂಪಿನ ಗಂಡು ತನ್ನ ಬಾಲದ ತುದಿಯ ಕೊಂಡಿಗಳಿಂದ ಹೆಣ್ಣಿನ ಕುತ್ತಿಗೆಯ ಭಾಗವನ್ನು ಹಿಡಿಯುತ್ತದೆ. ಬೀಗಕ್ಕೆ ತಕ್ಕ ಕೀಲಿಯಂತೆ ಪ್ರಭೇದಕ್ಕೊಂದು ಬಗೆಯ ಕೊಂಡಿ. ಅದನ್ನು ಸೂಕ್ಷ್ಮದರ್ಶಕದಡಿ ನೋಡಿ, ಹಳೆಯ ಮಾದರಿಗಳೊಂದಿಗೆ ಹೋಲಿಸಿ, ಮೂಲ ಮಾದರಿಯನ್ನು ಸಂಗ್ರಹಾಲಯದಲ್ಲಿರಿಸಿ, ವಿವರ ಪ್ರಕಟಿಸಿದ ಮೇಲೆಯೇ ವಿಜ್ಞಾನದ ಲೆಕ್ಕದಲ್ಲಿ ಅದು ಹುಟ್ಟಿದಂತೆ.

ಇದರಲ್ಲಿ ನನ್ನಂತಹ ಕೃಷಿ ವಿಜ್ಞಾನಿಗಳ ತಪ್ಪೂ ಇದೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆದಿದೆ. ಕಾಂಡಕೊರಕದ ಜನ್ಮಜಾತಕ ನಮಗೆ ಕಂಠಪಾಠ. ಗಿಡ ತಿನ್ನುವ ಹುಳುವನ್ನು ಬಲ್ಲ ನಾವು, ತೋಟದ ಕೆಳಗೆ ಹರಿಯುವ ನೀರಿನ ಹುಳುವನ್ನು ವಿಚಾರಿಸಲಿಲ್ಲ.

ಆ ನೀರಿಗೆ ತೋಟದಿಂದ ಏನು ಹೋಗುತ್ತದೆ? ಅರೇಬಿಕಾ ಹಣ್ಣಿನ ಪಲ್ಪಿಂಗ್ ಸಾಗುವುದು ಮಳೆ ನಿಂತು ಹಳ್ಳ ಇಳಿಯುವ ದಿನಗಳಲ್ಲಿ. ಪಲ್ಪರ್ ನೀರಿನಲ್ಲಿ ಹಣ್ಣಿನ ಲೋಳೆ, ಸಕ್ಕರೆ ಇರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಹೀರುತ್ತವೆ. ಕಿವಿರಿನಿಂದ ಉಸಿರಾಡುವ ಮೇಫ್ಲೈ ಮರಿಗಳು ಉಸಿರುಗಟ್ಟಿ ಸಾಯುತ್ತವೆ. ಎಲೆತುಕ್ಕಿಗೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತದ ತಾಮ್ರ ಮಳೆಗೆ ತೊಳೆದು ಇಳಿದರೂ ಅಪಾಯವೇ. ರಸ್ತೆಗೆಂದು ಕಡಿದ ಗುಡ್ಡದ ಹೂಳು ಕಲ್ಲುಗಳ ಸಂದುಗಳನ್ನು ಮುಚ್ಚಿದರೆ ಮರಿಗಳಿಗೆ ಮನೆಯೇ ಇಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಕುದುರೆಮುಖದ ಗಣಿ ನಿಂತಿತು. ಭದ್ರೆಯ ಹೂಳಿನ ಬಗ್ಗೆ ನಾವು ಆಗ ಎತ್ತಿದ ದನಿಯನ್ನು ಸ್ವಂತ ತೋಟದ ಹಳ್ಳದ ಬಗ್ಗೆ ಎತ್ತಲು ಹಿಂಜರಿಯುತ್ತೇವೆ. ನಾನೂ ಕಾಫಿ ಕುಡಿಯುವವನೇ. ಪಲ್ಪಿಂಗ್ ಬೇಡವೆನ್ನುತ್ತಿಲ್ಲ, ಆ ನೀರನ್ನು ಹೊಂಡಗಳಲ್ಲಿ ತಡೆದು, ಸುಣ್ಣ ಹಾಕಿ ಹುಳಿ ತಗ್ಗಿಸಿ, ಶುದ್ಧೀಕರಿಸಬೇಕು, ನೇರವಾಗಿ ಹಳ್ಳಕ್ಕೆ ಬಿಡಬಾರದು ಎನ್ನುತ್ತಿದ್ದೇನೆ.

ವಿದ್ಯಾರ್ಥಿಗಳಿಗೊಂದು ಕೆಲಸ. ಪಲ್ಪಿಂಗ್ ಆರಂಭವಾಗುವ ಮೊದಲೊಮ್ಮೆ, ನಡುವೆ ಇನ್ನೊಮ್ಮೆ, ಹಿರಿಯರೊಡನೆ ನಿಮ್ಮೂರ ಹಳ್ಳಕ್ಕಿಳಿದು ಪಲ್ಪರ್‌ಗಿಂತ ಮೇಲೆ ಹತ್ತು, ಕೆಳಗೆ ಹತ್ತು ಕಲ್ಲುಗಳನ್ನು ಮಗುಚಿ ನೋಡಿ. ಎರಡು ಮೂರು ಬಾಲದೆಳೆಗಳ ಚಪ್ಪಟೆ ಮರಿಗಳೆಷ್ಟು, ಮರಳಿನ ಕಣ ಅಂಟಿಸಿ ಗೂಡು ಕಟ್ಟಿದ ಹುಳುಗಳೆಷ್ಟು, ಎಣಿಸಿ, ದಿನಾಂಕದೊಡನೆ ಬರೆದಿಡಿ. ಹಿಡಿದು ಕೊಲ್ಲಬೇಡಿ, ಮಾದರಿ ಸಂಗ್ರಹ ಅನುಮತಿ ಪಡೆದ ಸಂಶೋಧಕರ ಕೆಲಸ. ಮೇಲಿನಿಂದ, ಪಕ್ಕದಿಂದ, ಬಾಲದ ತುದಿಯದು ಎಂದು ಮೂರು ಚಿತ್ರ ತೆಗೆಯಿರಿ. ಕಲ್ಲನ್ನು ಮೊದಲಿದ್ದಂತೆಯೇ ಮಗುಚಿಡಿ.