ನಲವತ್ತೈದು ಸೆಕೆಂಡಿನ ಮರ್ಯಾದೆ



ಸಿನಿಮಾ ಪ್ರಶಸ್ತಿ ಸಮಾರಂಭ ನೋಡುವವರಲ್ಲಿ ಎರಡು ಬಗೆ. ಎಲ್ಲ ಚಿತ್ರಗಳನ್ನೂ ಮೊದಲೇ ನೋಡಿ, ಯಾರಿಗೆ ಬರಬಹುದೆಂದು ಲೆಕ್ಕ ಹಾಕಿಕೊಂಡು ಕೂರುವವರು ಒಂದು ಬಗೆ. ಕಾಫಿ ಲೋಟ ಹಿಡಿದುಕೊಂಡು, "ಏನು ನಡೀತಿದೆ ನೋಡೋಣ" ಎಂದು ಟೀವಿ ಹಾಕುವವರು ಇನ್ನೊಂದು ಬಗೆ. ನಾನು ಎರಡನೆಯ ಪಂಗಡದವನು. ನಿಮ್ಮಲ್ಲೂ ಬಹಳ ಜನ ನನ್ನ ಜೊತೆಗೇ ಇದ್ದೀರಿ ಎಂದು ನನ್ನ ಊಹೆ. ಅದರಲ್ಲೂ ಆಸ್ಕರ್ ನಮಗೆ ಕಾಣುವುದು ಸೋಮವಾರ ಬೆಳಗಿನ ಜಾವ. ಒಂದು ಕಣ್ಣು ಒಲೆಯ ಮೇಲಿನ ಹಾಲಿನ ಕಡೆ, ಇನ್ನೊಂದು ಗಡಿಯಾರದ ಕಡೆ ಇರುವ ಹೊತ್ತು.

ಹೀಗೆ ಅರ್ಧ ಗಮನದಲ್ಲಿ ನೋಡಿದರೂ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಆಸ್ಕರ್ ಗೆದ್ದವರಿಗೆ ಮಾತನಾಡಲು ಕೊಡುವ ಸಮಯ ಸುಮಾರು 45 ಸೆಕೆಂಡು. ಅದು ಮುಗಿದರೆ ವಾದ್ಯವೃಂದ ಶುರುವಾಗುತ್ತದೆ, "ಸಾಕು, ಇಳಿಯಿರಿ" ಎನ್ನುವ ಹಾಗೆ. 2025ರಲ್ಲಿ ಅತ್ಯುತ್ತಮ ನಟನಾಗಿ ಬಂದ ಏಡ್ರಿಯನ್ ಬ್ರೋಡಿ ಐದು ನಿಮಿಷಕ್ಕೂ ಹೆಚ್ಚು ಮಾತನಾಡಿದರು. ಸಂಗೀತ ಶುರುವಾದಾಗ ನಿಲ್ಲಿಸಿ ಎಂದರು, ಅದೂ ನಿಂತಿತು! 2023ರಲ್ಲಿ ನಮ್ಮ ದೇಶದ 'ದಿ ಎಲಿಫೆಂಟ್ ವಿಸ್ಪರರ್ಸ್' ಕಿರು ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತಲ್ಲ, ನೆನಪಿದೆಯೇ? ನಮ್ಮ ಬಂಡೀಪುರದ ಗಡಿಗೆ ತಾಗಿದ ಮುದುಮಲೈ ಕಾಡಿನಲ್ಲಿ, ಬೊಮ್ಮನ್ ಮತ್ತು ಬೆಳ್ಳಿ ಎಂಬ ದಂಪತಿ ತಬ್ಬಲಿ ಆನೆಮರಿಗಳನ್ನು ಸಾಕಿದ ಕಥೆ. ಹೆಸರು ಕೇಳಿದರೇ ನಮ್ಮವರು ಅನ್ನಿಸುತ್ತದೆ. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್ ಮಾತನಾಡಿದರು. ನಿರ್ಮಾಪಕಿ ಗುನೀತ್ ಮೋಂಗಾ ಬಾಯಿ ತೆರೆಯುವಷ್ಟರಲ್ಲಿ ಸಂಗೀತ ಎದ್ದಿತು. ಅವರು ಪ್ರಶಸ್ತಿ ಹಿಡಿದು ಸುಮ್ಮನೆ ಇಳಿದರು.

ನಿಯಮ ಎಲ್ಲರಿಗೂ ಒಂದೇ. ಆದರೆ ದೊಡ್ಡ ಹೆಸರಿಗೆ ಅದು ರಬ್ಬರಿನಂತೆ ಹಿಗ್ಗುತ್ತದೆ, ಸಣ್ಣ ಹೆಸರಿಗೆ ಕಬ್ಬಿಣವಾಗುತ್ತದೆ.

1929ರಲ್ಲಿ ನಡೆದ ಮೊದಲ ಆಸ್ಕರ್ ಪ್ರದಾನ ಸುಮಾರು ಹದಿನೈದು ನಿಮಿಷದಲ್ಲಿ ಮುಗಿದಿತ್ತು. ಇಂದು ಮೂರೂವರೆ ಗಂಟೆ. ಹಾಡು, ಕುಣಿತ, ನಿರೂಪಕರ ಹಾಸ್ಯ, ಜಾಹೀರಾತು, ಎಲ್ಲಕ್ಕೂ ಜಾಗ ಇದೆ. 2022ರಲ್ಲಿ "ಕಾರ್ಯಕ್ರಮ ಉದ್ದವಾಯಿತು" ಎಂದು ಎಂಟು ಪ್ರಶಸ್ತಿಗಳನ್ನು ನೇರಪ್ರಸಾರಕ್ಕೆ ಮೊದಲೇ ಕೊಟ್ಟು, ತುಣುಕು ಮಾಡಿ ನಡುವೆ ತೋರಿಸಿದರು. ಯಾವ ಎಂಟು? ಸಂಕಲನ, ಶಬ್ದ, ಸಂಗೀತ ಸಂಯೋಜನೆ, ಕಲಾ ವಿನ್ಯಾಸ, ಪ್ರಸಾಧನ ಮತ್ತು ಮೂರು ಬಗೆಯ ಕಿರುಚಿತ್ರಗಳು. 2009ರಲ್ಲಿ ರಸೂಲ್ ಪೂಕುಟ್ಟಿಯವರು ಗೆದ್ದದ್ದು ಶಬ್ದಕ್ಕೆ. ಎ.ಆರ್. ರೆಹಮಾನ್ ಗೆದ್ದ ಎರಡರಲ್ಲಿ ಒಂದು ಸಂಗೀತ ಸಂಯೋಜನೆಗೆ. ಆಗಲೂ ಇದೇ ಪದ್ಧತಿ ಇದ್ದಿದ್ದರೆ ಆ ಎರಡು ಗಳಿಗೆಗಳನ್ನು ನಾವು ನೇರವಾಗಿ ನೋಡುತ್ತಲೇ ಇರಲಿಲ್ಲ. ಇಷ್ಟು ಮಾಡಿಯೂ 2022ರ ಕಾರ್ಯಕ್ರಮ ಮೂರೂವರೆ ಗಂಟೆ ದಾಟಿತು. ಚಿತ್ರರಂಗದವರೇ ಗಲಾಟೆ ಮಾಡಿದ್ದರಿಂದ ಮರುವರ್ಷ ಎಲ್ಲ 23 ಪ್ರಶಸ್ತಿಗಳೂ ನೇರಪ್ರಸಾರಕ್ಕೆ ಮರಳಿದವು.

ಇದು ಪರದೇಶದ ಮಾತು ಎನ್ನಬೇಡಿ. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಸಮಾರಂಭದಲ್ಲೂ 2018ರ ಮೇ 3ರಂದು ಹೀಗೇ ಆಯಿತು. ರಾಷ್ಟ್ರಪತಿಗಳು 11 ಪ್ರಶಸ್ತಿಗಳನ್ನು ಮಾತ್ರ ಕೊಡುತ್ತಾರೆ, ಉಳಿದವನ್ನು ಸಚಿವರು ಕೊಡುತ್ತಾರೆ ಎಂದು ವಿಜೇತರಿಗೆ ತಿಳಿದದ್ದು ಹಿಂದಿನ ದಿನ. ಇಂಥ ಸಮಾರಂಭದಲ್ಲಿ ರಾಷ್ಟ್ರಪತಿಗಳು ಇರುವುದು ಒಂದು ಗಂಟೆ ಎಂದು ಅವರ ಕಚೇರಿ ಹೇಳಿತು. ಐವತ್ತಕ್ಕೂ ಹೆಚ್ಚು ಮಂದಿ ಸಮಾರಂಭಕ್ಕೆ ಹೋಗಲಿಲ್ಲ. ಒಂದು ಗಂಟೆಯ ಲೆಕ್ಕ ಸರಿಯಿರಬಹುದು. ಆದರೆ ಊರಿನಿಂದ ಅಪ್ಪ ಅಮ್ಮನನ್ನು ಕರೆದುಕೊಂಡು ದೆಹಲಿಗೆ ಬಂದವನಿಗೆ ಆ ಲೆಕ್ಕವನ್ನು ಹೇಗೆ ಹೇಳುವುದು?

2024ರ ಅಕ್ಟೋಬರ್ 8ರಂದು 'ಕಾಂತಾರ'ಕ್ಕಾಗಿ ರಿಷಬ್ ಶೆಟ್ಟಿಯವರು ಅತ್ಯುತ್ತಮ ನಟ ಪ್ರಶಸ್ತಿ ಪಡೆದದ್ದು ನಮಗೆಲ್ಲ ನೆನಪಿದೆ. ಮುಂಬಯಿ, ಚೆನ್ನೈ ಎನ್ನದೆ ಕನ್ನಡಿಗರು ಇರುವ ಕಡೆಯೆಲ್ಲ ಸಂತೋಷವಾಯಿತು. ಅದೇ ಸಲ 'ಕೆಜಿಎಫ್ ಚಾಪ್ಟರ್ 2'ರ ಸಾಹಸ ನಿರ್ದೇಶನಕ್ಕೂ ಪ್ರಶಸ್ತಿ ಬಂತು. ಪಡೆದವರು ಅನ್ಬು-ಅರಿವು ಎಂಬ ಅವಳಿ ಸೋದರರು. ಎಷ್ಟು ಜನ ಗಮನಿಸಿದೆವು? ಪೆಟ್ಟು ತಿನ್ನುವವರಿಗೆ, ಮಹಡಿಯಿಂದ ಹಾರುವವರಿಗೆ ಆಸ್ಕರ್ ಕೊಡಲು ನಿರ್ಧರಿಸಿದ್ದು 2025ರಲ್ಲಿ, ಅದೂ 2028ರ ಸಮಾರಂಭದಿಂದ. ಈ ವಿಷಯದಲ್ಲಿ ನಮ್ಮ ರಾಷ್ಟ್ರೀಯ ಪ್ರಶಸ್ತಿ 2017ರಲ್ಲೇ ಮುಂದೆ ಹೋಗಿತ್ತು.

ಸಂಘಟಕರನ್ನೇ ಬೈದು ಸುಮ್ಮನಾದರೆ ಪ್ರಯೋಜನವಿಲ್ಲ ಮಿತ್ರರೇ. ಸಂಕಲನಕಾರ ವೇದಿಕೆ ಹತ್ತಿದಾಗ ಚಾನೆಲ್ ಬದಲಿಸುವ ಕೈ ನಮ್ಮದು. ಅವರು ಕತ್ತರಿ ಹಾಕುವುದು ನಮ್ಮ ರಿಮೋಟಿಗೆ ಹೆದರಿ. ನಟನಿಗೆ ಮುಂದಿನ ವಾರ ಇನ್ನೊಂದು ವೇದಿಕೆ, ಇನ್ನೊಂದು ಮೈಕು ಸಿಗುತ್ತದೆ. ಶಬ್ದ ಜೋಡಿಸಿದವನಿಗೆ, ಬಟ್ಟೆ ಹೊಲಿಸಿದವಳಿಗೆ ಬಹುಶಃ ಇಡೀ ಜನ್ಮಕ್ಕೆ ಇದೊಂದೇ. ನಡುಗುವ ಕೈಯಲ್ಲಿ ಚೀಟಿ ಹಿಡಿದು, ಮನೆಯವರ ಹೆಸರು ಹೇಳಬೇಕೆಂದು ನಿಂತಿರುತ್ತಾರೆ.

ಮುಂದಿನ ಸಲ ಇಂಥ ಸಮಾರಂಭ ಹಾಕಿದಾಗ, ನಿಮಗೆ ಹೆಸರು ಗೊತ್ತಿಲ್ಲದವರು ಬಂದ ಕೂಡಲೇ ರಿಮೋಟನ್ನು ಒಂದು ಕಡೆ ಇಟ್ಟುಬಿಡಿ. ನಲವತ್ತೈದು ಸೆಕೆಂಡು ಅಷ್ಟೇ. ಅಷ್ಟರಲ್ಲಿ ಹಾಲೇನೂ ಉಕ್ಕುವುದಿಲ್ಲ.