ಆಪರೇಟರಿನ ಗುರುತು ಎಲ್ಲಿದೆ?



ಗಣಿತ ಅಂದಕೂಡಲೇ ಬಾಗಿಲ ಕಡೆ ನೋಡುವವರು ಸ್ವಲ್ಪ ಕುಳಿತುಕೊಳ್ಳಿ. ಇವತ್ತಿಗೆ ಒಂದು ಹಾಳೆ, ಎರಡು ಗೆರೆ ಸಾಕು.

ಹಾಳೆಯ ನಡುವೆ ಚುಕ್ಕೆಯಿಟ್ಟು, ಅಲ್ಲಿಂದ ಹೊರಡುವ ಬಾಣಗಳನ್ನು ಊಹಿಸಿಕೊಳ್ಳಿ. ಅಡ್ಡಬಾಣವನ್ನು ಎರಡು ಪಟ್ಟು, ನೆಟ್ಟಗಿನ ಬಾಣವನ್ನು ಮೂರು ಪಟ್ಟು ಹಿಗ್ಗಿಸಿ. ಈ ಕ್ರಿಯೆಯೇ ಆಪರೇಟರ್. ಓರೆ ಬಾಣಗಳೆಲ್ಲ ದಿಕ್ಕು ಬದಲಿಸುತ್ತವೆ. ಅಡ್ಡ ಮತ್ತು ನೆಟ್ಟಗಿನ ಗೆರೆಗಳ ಮೇಲಿನವು ಮಾತ್ರ ತಮ್ಮ ಗೆರೆ ಬಿಟ್ಟು ಕದಲುವುದಿಲ್ಲ. ಇಂಥ ಗೆರೆಗೆ ಇನ್ವೇರಿಯಂಟ್ ಸಬ್‌ಸ್ಪೇಸ್ ಎನ್ನುತ್ತಾರೆ.

ಈಗ ಪ್ರಶ್ನೆಯನ್ನು ತಿರುಗಿಸೋಣ. ಬರೀ ಗೆರೆಗಳನ್ನು ಕೊಟ್ಟರೆ ಆಪರೇಟರಿನ ಬಗ್ಗೆ ಎಷ್ಟು ತಿಳಿಯುತ್ತದೆ? ಈ ಎರಡೂ ಗೆರೆಗಳನ್ನು ಕಾಪಾಡುವ ಯಾವ ಆಪರೇಟರನ್ನಾದರೂ, ನಮ್ಮ ಮೂಲ ಆಪರೇಟರು ಮತ್ತು ಏನನ್ನೂ ಬದಲಿಸದ ಆಪರೇಟರು, ಇವೆರಡನ್ನು ಬೇಕಾದಷ್ಟು ಪಟ್ಟು ಮಾಡಿ ಕೂಡಿಸಿ ಕಟ್ಟಬಹುದು. ಹೀಗೆ ಗೆರೆಗಳನ್ನು ಕಾಪಾಡುವ ಎಲ್ಲವನ್ನೂ ಮೂಲದಿಂದಲೇ ಕಟ್ಟಲು ಬಂದರೆ, ಆ ಮೂಲ ಆಪರೇಟರಿಗೆ ರಿಫ್ಲೆಕ್ಸಿವ್ ಎನ್ನುತ್ತಾರೆ.

ಎಲ್ಲವೂ ಹೀಗಿಲ್ಲ. ಅಡ್ಡಬಾಣವನ್ನು ಅಳಿಸಿಹಾಕಿ, ನೆಟ್ಟಗಿನದನ್ನು ಅಡ್ಡಕ್ಕೆ ಮಲಗಿಸುವ ಆಪರೇಟರಿಗೆ ಕದಲದ ಗೆರೆ ಒಂದೇ. ಅದನ್ನು ಕಾಪಾಡುವ ಆಪರೇಟರನ್ನು ಹೇಳಲು 3 ಸಂಖ್ಯೆ ಬೇಕು. ಮೂಲದಿಂದ ಕಟ್ಟಿದವಕ್ಕೆ 2 ಸಾಕು. ಗೆರೆ ಇದೆ, ಗುರುತು ಸಾಲದು.

ಹಿಲ್ಬರ್ಟ್ ಸ್ಪೇಸಿನಲ್ಲಿ ದಿಕ್ಕುಗಳು ಅನಂತ. ಅಲ್ಲಿ ಗೆರೆಯಷ್ಟೇ ಅಲ್ಲ, ಆಪರೇಟರು ಹೊರಗೆ ಕಳಿಸದ ದೊಡ್ಡ ಭಾಗವೂ ಇನ್ವೇರಿಯಂಟ್ ಸಬ್‌ಸ್ಪೇಸೇ. ಅಲ್ಲಿ ಕಟ್ಟುವಾಗ ಮೂಲವನ್ನು ಮತ್ತೆ ಮತ್ತೆ ಮಾಡಿದ್ದನ್ನೂ ಮಿತಿಗಳನ್ನೂ ಸೇರಿಸಿಕೊಳ್ಳಬೇಕು. ಸಂಖ್ಯೆಗಳ ಸಾಲನ್ನು ಒಂದು ಸ್ಥಾನ ಮುಂದಕ್ಕೆ ಸರಿಸಿ, ಖಾಲಿಯಾದಲ್ಲಿ ಸೊನ್ನೆಯಿಡುವ ಶಿಫ್ಟ್ ಆಪರೇಟರಿನ ಇನ್ವೇರಿಯಂಟ್ ಸಬ್‌ಸ್ಪೇಸ್‌ಗಳೆಲ್ಲವನ್ನೂ ಸ್ವೀಡನ್ನಿನ ಆರ್ನೆ ಬರ್ಲಿಂಗ್ 1949ರಲ್ಲಿ ವಿವರಿಸಿದರು. ಅದು ರಿಫ್ಲೆಕ್ಸಿವ್ ಎಂದು ಡೊನಾಲ್ಡ್ ಸಾರಸನ್ 1966ರಲ್ಲಿ ತೋರಿಸಿದರು.

ಇಲ್ಲೊಂದು ಸ್ವಾರಸ್ಯವಿದೆ. ಒಂದು ಆಪರೇಟರಿಗೆ ಸೊನ್ನೆ ಮತ್ತು ಇಡೀ ಸ್ಪೇಸ್ ಬಿಟ್ಟು ಬೇರೆ ಇನ್ವೇರಿಯಂಟ್ ಸಬ್‌ಸ್ಪೇಸೇ ಇಲ್ಲ ಎನ್ನೋಣ. ಕಾಪಾಡಬೇಕಾದ್ದೇ ಇಲ್ಲವಾದ್ದರಿಂದ ಎಲ್ಲ ಆಪರೇಟರುಗಳೂ ಪರೀಕ್ಷೆಯಲ್ಲಿ ಪಾಸು! ಮೂಲವು ರಿಫ್ಲೆಕ್ಸಿವ್ ಆಗಿದ್ದರೆ ಅವೆಲ್ಲವೂ ಅದರಿಂದಲೇ ಕಟ್ಟಿದವಾಗಿರಬೇಕು. ಆದರೆ ಒಂದೇ ಆಪರೇಟರಿನಿಂದ ಕಟ್ಟಿದವುಗಳಲ್ಲಿ ಯಾವುದನ್ನು ಮೊದಲು ಮಾಡಿದರೂ ಫಲ ಒಂದೇ. ಎಲ್ಲ ಆಪರೇಟರುಗಳಿಗೆ ಆ ಗುಣವಿಲ್ಲ. ಹಾಗಾಗಿ ರಿಫ್ಲೆಕ್ಸಿವ್ ಆದದ್ದಕ್ಕೆ ಸೊನ್ನೆ, ಇಡೀ ಸ್ಪೇಸ್ ಬಿಟ್ಟು ಬೇರೆ ಇನ್ವೇರಿಯಂಟ್ ಸಬ್‌ಸ್ಪೇಸ್ ಇದ್ದೇ ಇರುತ್ತದೆ.

ಸಬ್‌ನಾರ್ಮಲ್ ಎಂಬ ವರ್ಗದ ಪ್ರತಿ ಆಪರೇಟರಿಗೂ ಅಂಥ ಸಬ್‌ಸ್ಪೇಸ್ ಒಂದು ಇದೆಯೆಂದು ಸ್ಕಾಟ್ ಬ್ರೌನ್ 1978ರಲ್ಲಿ ಸಾಧಿಸಿದರು. 1980ರಲ್ಲಿ ಓಲಿನ್ ಮತ್ತು ಥಾಮ್ಸನ್, ಅವೆಲ್ಲ ರಿಫ್ಲೆಕ್ಸಿವ್ ಎಂದೇ ತೋರಿಸಿದರು. ಒಂದನ್ನು ಹುಡುಕಿದ ದಾರಿಯನ್ನೇ ಇನ್ನಷ್ಟು ಬಿಗಿಗೊಳಿಸಿದಾಗ, ಆಪರೇಟರನ್ನು ಗುರುತಿಸುವಷ್ಟು ಸಿಕ್ಕವು.

ಬಾನಾಖ್ ಸ್ಪೇಸ್‌ಗಳಲ್ಲಿ (ಇವು ಹಿಲ್ಬರ್ಟ್ ಸ್ಪೇಸ್‌ಗಳನ್ನೂ ಒಳಗೊಂಡ ದೊಡ್ಡ ವರ್ಗ) ಅಂಥ ಸಬ್‌ಸ್ಪೇಸ್ ಒಂದೂ ಇಲ್ಲದ ಆಪರೇಟರನ್ನು ಪೆರ್ ಎನ್‌ಫ್ಲೋ ಕಟ್ಟಿದ್ದಾರೆ. ಆ ಲೇಖನ ಅಚ್ಚಾದದ್ದು 1987ರಲ್ಲಿ. ಹಿಲ್ಬರ್ಟ್ ಸ್ಪೇಸಿನ ಎಲ್ಲ ಬೌಂಡೆಡ್ (ಬಾಣಗಳನ್ನು ಒಂದು ಮಿತಿ ಮೀರಿ ಹಿಗ್ಗಿಸದ) ಆಪರೇಟರುಗಳ ಬಗ್ಗೆ ಎಲ್ಲರೂ ಒಪ್ಪಿದ ಉತ್ತರ ಇನ್ನೂ ಬಂದಿಲ್ಲ. ಅಲ್ಲಿ ಗುರುತಿನ ಮಾತಿಗೂ ಮೊದಲು, ಒಂದಾದರೂ ಇದೆಯೇ ಎಂಬುದೇ ತೀರ್ಮಾನವಾಗಬೇಕು.